ಎರಡು ಕೋಣೆಯ ಮನೆಗೆ 12 ವೋಲ್ಟ್ ಸೋಲಾರ್: ಲೆಕ್ಕ, ಸಾಮಾನು, ಜೋಡಣೆ

ತೋಟದ ಮನೆ, ಮೀಟರ್ ಬಾರದ ಜೋಪಡಿ, ಊರಾಚೆಯ ಶೆಡ್ಡು, ಲೈನ್ ಇದ್ದರೂ ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟಿಲ್ಲದ ಮಲೆನಾಡಿನ ಒಂಟಿ ಮನೆ. ಇಂಥ ಮನೆಗಳಿಗಾಗಿ ಈ ಮಾರ್ಗದರ್ಶಿ. ನಾಲ್ಕು ದೀಪ, ಎರಡು ಮೊಬೈಲ್, ಒಂದು ಟೇಬಲ್ ಫ್ಯಾನ್, ಇಷ್ಟನ್ನೂ 12 ವೋಲ್ಟ್ ಡಿಸಿಯಲ್ಲೇ (ಬ್ಯಾಟರಿಯಿಂದ ನೇರ ಬರುವ ಕರೆಂಟಿನಲ್ಲೇ) ನಡೆಸುವ ಬಗೆ ಇಲ್ಲಿದೆ.

ಅಂಗಡಿಗೆ ಹೋಗಿ "ಸೋಲಾರ್ ಸೆಟ್ ಎಷ್ಟು?" ಎಂದು ಕೇಳಬೇಡಿ. ಅಲ್ಲಿ ತೋರಿಸುವುದು ಅವರಲ್ಲಿರುವ ಸೆಟ್ಟು, ನಿಮಗೆ ಬೇಕಾದ ಸೆಟ್ಟಲ್ಲ. ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ, ಆ ಹಾಳೆ ಹಿಡಿದು ಹೋಗಿ.

ಮೊದಲು ಖರ್ಚು ಇಳಿಸಿ

ಹಗಲು ಹೊತ್ತು ಅಡುಗೆಮನೆಯಲ್ಲಿ ದೀಪ ಹಾಕುವ ಮನೆಗಳು ಬಹಳ. ಹೆಂಚಿನ ಮಾಡಾದರೆ ಒಲೆಯ ಮೇಲಲ್ಲ, ಒಲೆಯಿಂದ ಎರಡು ಮಾರು ಈಚೆಗೆ ಒಂದು ಗಾಜಿನ ಹೆಂಚು ಹಾಕಿಸಿ. ನೇರ ಒಲೆಯ ಮೇಲೆ ಹಾಕಿದರೆ ತಿಂಗಳಲ್ಲೇ ಮಸಿ ಹಿಡಿದು ಕಪ್ಪಾಗುತ್ತದೆ. ತಗಡಿನ ಮಾಡಾದರೆ ಒಂದು ಪಾರದರ್ಶಕ ಶೀಟು ಅದೇ ಕೆಲಸ ಮಾಡುತ್ತದೆ. ಒಳಗೋಡೆಗೆ ಸುಣ್ಣ ಬಳಿಯಿರಿ. ಮಸಿ ಹಿಡಿದ ಗೋಡೆ ಬೆಳಕನ್ನು ನುಂಗುವುದರಿಂದ ಅಲ್ಲಿ 9 ವಾಟ್ ಬಲ್ಬೂ ಸಾಲುವುದಿಲ್ಲ. ಬಿಳಿ ಗೋಡೆಯ ಸಣ್ಣ ಅಡುಗೆಮನೆಗೆ 5 ವಾಟ್ ಸಾಕು. ತಗಡಿನ ಮಾಡಿನ ಹೊರಮೈಗೂ ಬೇಸಿಗೆಗೆ ಮೊದಲು ಎರಡು ಕೋಟ್ ಸುಣ್ಣ ಹೊಡೆದರೆ ಒಳಗಿನ ಧಗೆ ಇಳಿಯುತ್ತದೆ, ಫ್ಯಾನ್ ಓಡುವ ಗಂಟೆಯೂ ಇಳಿಯುತ್ತದೆ. ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತದೆ, ಹಾಗಾಗಿ ಇದು ಪ್ರತಿವರ್ಷದ ಕೆಲಸ.

ಲೈನ್ ಇರುವ ಮನೆಯವರಿಗೆ ಇನ್ನೊಂದು ಮಾತು. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರಿದ್ದಾರೆ. ಹಾಗಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 (48 ಯೂನಿಟ್‌ಗಿಂತ ಕಡಿಮೆ ಬಳಸುತ್ತಿದ್ದ ಮನೆಗೆ 10 ಯೂನಿಟ್) ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದ್ದಾರೆ. ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ತಿಂದರೆ ಬಿಎಲ್‌ಡಿಸಿ ಎಂಬ ಕರೆಂಟ್ ಉಳಿಸುವ ಮೋಟಾರಿನ ಫ್ಯಾನ್ 28ರಿಂದ 30 ವಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 10 ಗಂಟೆ ಓಡುವ ಒಂದೇ ಫ್ಯಾನಿನಲ್ಲಿ ತಿಂಗಳಿಗೆ ಸುಮಾರು 14 ಯೂನಿಟ್ ಉಳಿಯಿತು. ಬಿಲ್ ಸೊನ್ನೆ ಬರುತ್ತಿರುವ ಮನೆಯವರು ಸಾಲ ಮಾಡಿ ಮಾಡಿನ ಮೇಲೆ ಕಿಲೋವಾಟ್ ಸೋಲಾರ್ ಹಾಕಿಸಿಕೊಳ್ಳುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000 ರೂಪಾಯಿ ಸಬ್ಸಿಡಿ ಇರುವುದು ನಿಜ. ಆದರೆ ಅದು ಲೈನಿಗೆ ಜೋಡಿಸುವ ವ್ಯವಸ್ಥೆ. ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ, ಕತ್ತಲೆಗೆ ಉತ್ತರವಾಗುವುದಿಲ್ಲ.

ಹಾಳೆಯ ಮೇಲಿನ ಲೆಕ್ಕ

ಪ್ರತಿ ಸಾಮಾನಿನ ವಾಟ್‌ನ್ನು ಅದು ಓಡುವ ಗಂಟೆಯಿಂದ ಗುಣಿಸಿ, ಬರುವುದು ವಾಟ್-ಅವರ್. ನಾವು ಹಿಡಿದ ಮನೆಗೆ ಹೀಗೆ ಬರುತ್ತದೆ:

ಅಡುಗೆಮನೆ ದೀಪ 5 ವಾಟ್, 3 ಗಂಟೆ: 15
ನಡುಮನೆ ದೀಪ 7 ವಾಟ್, 4 ಗಂಟೆ: 28
ಜಗಲಿ ದೀಪ 3 ವಾಟ್, 3 ಗಂಟೆ: 9
ರಾತ್ರಿ ದೀಪ ಅರ್ಧ ವಾಟ್, 8 ಗಂಟೆ: 4
ಒಂದು ಸ್ಮಾರ್ಟ್‌ಫೋನ್, ಒಂದು ಕೀಪ್ಯಾಡ್ ಫೋನ್: 30
12 ವೋಲ್ಟ್ ಟೇಬಲ್ ಫ್ಯಾನ್ 12 ವಾಟ್, 6 ಗಂಟೆ: 72

ಒಟ್ಟು 158 ವಾಟ್-ಅವರ್. ತಂತಿ, ಕಂಟ್ರೋಲರ್ (ಪ್ಯಾನೆಲ್, ಬ್ಯಾಟರಿ, ದೀಪಗಳ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಡಬ್ಬಿ), ಬ್ಯಾಟರಿಯಲ್ಲಿ ಸೋರುವ ಪಾಲು ಸೇರಿಸಿದರೆ ದಿನಕ್ಕೆ 190. ಈ ಅಂಕಿಯನ್ನು ಹಾಳೆಯ ತಲೆಯ ಮೇಲೆ ದೊಡ್ಡದಾಗಿ ಬರೆದಿಡಿ. ಫ್ಯಾನ್ ತೆಗೆದರೆ ಎಷ್ಟು ಎಂದೂ ಪಕ್ಕದಲ್ಲಿ ಬರೆಯಿರಿ: 100. ಈ ಎರಡನೇ ಅಂಕಿಗೆ ಬಹಳ ಬೆಲೆಯಿದೆ. ಜಡಿಮಳೆ ಹಿಡಿದ ದಿನ ಬಿಸಿಲು ಕಡಿಮೆ, ಆದರೆ ಆ ದಿನ ಫ್ಯಾನೂ ಬೇಡ. ಮಳೆಗಾಲಕ್ಕೆ 100ರ ಲೆಕ್ಕ, ಬೇಸಿಗೆಗೆ 190ರ ಲೆಕ್ಕ ಹಿಡಿದರೆ ಸೆಟ್ಟು ಸಣ್ಣದಾಗುತ್ತದೆ, ದುಡ್ಡೂ ಉಳಿಯುತ್ತದೆ.

ಬ್ಯಾಟರಿಯ 12 ವೋಲ್ಟನ್ನು ಮನೆಯ ಲೈನಿನಂತೆ 230 ವೋಲ್ಟ್ ಮಾಡುವ ಇನ್ವರ್ಟರ್ ಯಾಕೆ ಬೇಡ ಎನ್ನುವುದಕ್ಕೂ ಉತ್ತರ ಇದೇ ಹಾಳೆಯಲ್ಲಿದೆ. ಸಣ್ಣ ಇನ್ವರ್ಟರ್ ಯಾವ ದೀಪವನ್ನೂ ಉರಿಸದೆ ಸುಮ್ಮನೆ ಆನ್ ಇದ್ದರೂ 5ರಿಂದ 10 ವಾಟ್ ತಿನ್ನುತ್ತದೆ. 8 ವಾಟ್ ಎಂದು ಹಿಡಿದರೆ 24 ಗಂಟೆಗೆ 192 ವಾಟ್-ಅವರ್. ಇಡೀ ಮನೆಯ ಖರ್ಚನ್ನು ಅದೊಂದೇ ನುಂಗಿಹಾಕಿತು.

ಅಡುಗೆ ಈ ಲೆಕ್ಕಕ್ಕೆ ಬರಬಾರದು

1500 ವಾಟ್ ಇಂಡಕ್ಷನ್ ಒಲೆ ಒಂದು ಗಂಟೆ ಪೂರ್ತಿ ಉರಿದರೆ ಇದೇ ಮನೆಯ ಎಂಟು ದಿನದ ಸೋಲಾರ್ ಮುಗಿಯಿತು. ಅಡುಗೆಯ ಉಳಿತಾಯ ಸೌದೆ ಮತ್ತು ಗ್ಯಾಸಿನಲ್ಲೇ ಆಗಬೇಕು. ಹೊಗೆ ಕೊಳವೆ ಇರುವ ಸುಧಾರಿತ ಒಲೆ ಕಟ್ಟಿಸಲು ಆಗುವುದಾದರೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದೇನಲ್ಲ.

ಖರ್ಚೇ ಇಲ್ಲದ ದಾರಿ ಎಂದರೆ ಬಿಸಿ ಹಿಡಿದಿಡುವ ಪೆಟ್ಟಿಗೆ. ಹಳೆಯ ಬಿದಿರು ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯ ತಳಕ್ಕೆ 10 ಸೆಂ.ಮೀ. ಒಣ ಭತ್ತದ ಹುಲ್ಲು ಒತ್ತಿ ತುಂಬಿ. ಮಧ್ಯೆ ಪಾತ್ರೆ ಇಟ್ಟು ಸುತ್ತಲೂ ಅಷ್ಟೇ ದಪ್ಪ ಹುಲ್ಲು ತುಂಬಿ. ಮೇಲೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಿ. ಬೇಳೆ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ 10 ನಿಮಿಷ ಕುದಿಸಿ, ಮುಚ್ಚಳ ತೆಗೆಯದೆ ಪೆಟ್ಟಿಗೆಗೆ ಇಳಿಸಿದರೆ ಎರಡು ಗಂಟೆಯಲ್ಲಿ ಬೆಂದಿರುತ್ತದೆ. ಅನ್ನಕ್ಕೆ 5 ನಿಮಿಷದ ಕುದಿ, ಮುಕ್ಕಾಲು ಗಂಟೆಯ ಪೆಟ್ಟಿಗೆ. ಪಾತ್ರೆ ಮುಕ್ಕಾಲು ಭಾಗ ತುಂಬಿರಬೇಕು. ಅರ್ಧ ಲೀಟರ್ ಸಾರಿಗೆ ಇದು ಕೆಲಸ ಮಾಡುವುದಿಲ್ಲ, ಅಷ್ಟರಲ್ಲಿ ಹಿಡಿದಿಡುವಷ್ಟು ಬಿಸಿಯೇ ಇರುವುದಿಲ್ಲ. ಮುದ್ದೆಗೂ ಆಗದು, ಅದಕ್ಕೆ ತೊಳಸುವ ಕೋಲೇ ಬೇಕು. ರಾಜ್ಮಾದಂಥ ಕಾಳನ್ನು ಕಡ್ಡಾಯವಾಗಿ 10 ನಿಮಿಷ ಜೋರಾಗಿ ಕುದಿಸಿಯೇ ಇಳಿಸಿ. ಅರೆಬೆಂದ ರಾಜ್ಮಾ ವಾಂತಿ ತರಿಸುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಟ್ಟರೆ ಬಿಸಿ ಇಳಿದು ಅಡುಗೆ ಹಳಸಬಹುದು, ಮತ್ತೆ ಕುದಿಸಿಯೇ ಉಣ್ಣಿ.

ಸಾಮಾನು ಕೊಳ್ಳುವಾಗ

ಪ್ಯಾನೆಲ್. ಬಯಲುಸೀಮೆಗೆ 75 ವಾಟ್, ಮಲೆನಾಡು ಮತ್ತು ಕರಾವಳಿಗೆ 100 ವಾಟ್. 75 ವಾಟಿನ ಪ್ಯಾನೆಲ್ ಸುಮಾರು 4.1 ಆಂಪಿಯರ್ ಕೊಡುತ್ತದೆ. ಒಳ್ಳೆಯ ಬಿಸಿಲಿನ 5 ಗಂಟೆಗೆ, ಬ್ಯಾಟರಿಯ 13 ವೋಲ್ಟ್‌ನಲ್ಲಿ, 267 ವಾಟ್-ಅವರ್ ಆಯಿತು. 190ರ ಅಗತ್ಯಕ್ಕೆ ಧಾರಾಳ. ಜಡಿಮಳೆಯಲ್ಲಿ ಬಿಸಿಲಿನ ಲೆಕ್ಕ 2 ಗಂಟೆಗೆ ಇಳಿದರೂ 107 ಬರುತ್ತದೆ, ಫ್ಯಾನಿಲ್ಲದ ಮನೆಗೆ ಸರಿಹೋಯಿತು. ಸೆಟ್ಟುಗಳ ಜೊತೆ ಬರುವ 40 ವಾಟ್ ಪ್ಯಾನೆಲ್ ಬೇಸಿಗೆಯಲ್ಲೇ ಸಾಲದು. ಈಗ ಪ್ಯಾನೆಲ್ ಅಗ್ಗ, ಬ್ಯಾಟರಿಯೇ ದುಬಾರಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲಿನ ಜಿಎಸ್‌ಟಿಯೂ ಶೇ. 12ರಿಂದ 5ಕ್ಕೆ ಇಳಿದಿದೆ. ಆದ್ದರಿಂದ ಪ್ಯಾನೆಲ್ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ. ಪ್ರತಿದಿನ ಹೊಟ್ಟೆ ತುಂಬುವ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ.

ಪ್ಯಾನೆಲ್‌ನ ಹಿಂದಿನ ಚೀಟಿ ಓದಿ. 36 ಸೆಲ್ (ಕರೆಂಟ್ ಹುಟ್ಟಿಸುವ ತುಂಡುಗಳು), ವಿಎಂಪಿ (ಕೆಲಸ ಮಾಡುವಾಗಿನ ವೋಲ್ಟ್) ಸುಮಾರು 18, ವಿಒಸಿ (ಏನೂ ಜೋಡಿಸದಿದ್ದಾಗಿನ ವೋಲ್ಟ್) 21ರಿಂದ 22 ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು 330 ವಾಟಿನ ಹಳೆಯ ದೊಡ್ಡ ಪ್ಯಾನೆಲ್ ತಂದು ಸಣ್ಣ ಕಂಟ್ರೋಲರ್‌ಗೆ ಜೋಡಿಸುವವರಿದ್ದಾರೆ. ಅದರದು 37 ವೋಲ್ಟ್. ಪಿಡಬ್ಲ್ಯುಎಂ ಎಂಬ ಅಗ್ಗದ ಜಾತಿಯ ಕಂಟ್ರೋಲರ್ ಅದನ್ನು 13ಕ್ಕೆ ಎಳೆದು ಮೂರರಲ್ಲಿ ಎರಡು ಪಾಲು ಹಾಳುಮಾಡುತ್ತದೆ. ಕಂಟ್ರೋಲರ್ ತಾಳುವ ವೋಲ್ಟ್ ಕಡಿಮೆಯಿದ್ದರೆ ಅದು ಸುಟ್ಟೂ ಹೋಗುತ್ತದೆ.

ಬ್ಯಾಟರಿ. ಲಿಥಿಯಂ ಫೆರೋ ಫಾಸ್ಫೇಟ್, 12.8 ವೋಲ್ಟ್, 20 ಎಎಚ್ (ಆಂಪಿಯರ್-ಅವರ್). 256 ವಾಟ್-ಅವರ್ ಹಿಡಿಯುತ್ತದೆ, ಅದರಲ್ಲಿ ಶೇ. 80 ಬಳಸಿದರೆ 205: ಫ್ಯಾನಿನ ಜೊತೆ ಒಂದು ರಾತ್ರಿ, ಫ್ಯಾನಿಲ್ಲದೆ ಎರಡು. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಹಾಗಾಗಿ 40 ಎಎಚ್ ಟ್ಯೂಬುಲರ್ (ದಿನಾ ಬಳಸಿ ತುಂಬಲೆಂದೇ ಮಾಡಿದ ಸೀಸದ ಬ್ಯಾಟರಿ) ಬೇಕು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸೀಸದ್ದೇ ಆಗಲಿ, ನೀರು ನೋಡಿಕೊಳ್ಳುವವರು ಮನೆಯಲ್ಲಿರಬೇಕು ಅಷ್ಟೆ. ಕಾರು, ಟ್ರ್ಯಾಕ್ಟರ್ ಬ್ಯಾಟರಿ ಮಾತ್ರ ಬೇಡ. ಅದು ಒಂದೇ ಸಲಕ್ಕೆ ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ಎಬ್ಬಿಸಲು ಮಾಡಿದ್ದು; ದಿನಾ ರಾತ್ರಿ ಬರಿದಾದರೆ ವರ್ಷವೂ ಬಾಳುವುದಿಲ್ಲ.

ಬರೀ "ಲಿಥಿಯಂ" ಎಂದು ಮಾರುವ ಡಬ್ಬಿಯ ಮೇಲೆ 12.8 ವೋಲ್ಟ್ ಇದೆಯೋ 11.1 ವೋಲ್ಟ್ ಇದೆಯೋ ನೋಡಿ. 11.1 ಎಂದಿದ್ದರೆ ಅದು ಬೇರೆ ಜಾತಿಯ ಲಿಥಿಯಂ. ಅದು 12.6ಕ್ಕೇ ತುಂಬುತ್ತದೆ, ಅದಕ್ಕೆ 14.4 ವೋಲ್ಟ್ ಕೊಡುವುದು ಬೆಂಕಿಯ ಜೊತೆ ಆಟ.

ಕಂಟ್ರೋಲರ್ 10 ಆಂಪಿಯರ್ ಪಿಡಬ್ಲ್ಯುಎಂ ಸಾಕು. ನಿಮ್ಮ ಬ್ಯಾಟರಿಯ ಜಾತಿ ಆರಿಸುವ ಬಟನ್ ಅದರಲ್ಲಿರಬೇಕು. ಹೆಚ್ಚಿನ ವೋಲ್ಟನ್ನೂ ವ್ಯರ್ಥಮಾಡದ ಎಂಪಿಪಿಟಿ ಜಾತಿಯ ಕಂಟ್ರೋಲರ್‌ಗೆ ಹೆಚ್ಚು ದುಡ್ಡು ಕೊಡುವಷ್ಟು ದೊಡ್ಡ ಸೆಟ್ಟಲ್ಲ ಇದು.

ತಂತಿಯಲ್ಲಿ ಜಿಪುಣತನ ಮಾಡಿದರೆ ಉಳಿದ ಎಲ್ಲ ದುಡ್ಡೂ ನೀರುಪಾಲು. ಲೆಕ್ಕ ನೋಡಿ. ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ ಕಾದು 60 ಡಿಗ್ರಿ ದಾಟಿದಾಗ ಅದರ 18 ವೋಲ್ಟ್ ಸುಮಾರು 15.5ಕ್ಕೆ ಇಳಿದಿರುತ್ತದೆ. 100 ವಾಟ್ ಪ್ಯಾನೆಲಿನಿಂದ 10 ಮೀಟರ್ ದೂರಕ್ಕೆ 1 ಚದರ ಮಿ.ಮೀ. ತಂತಿ ಎಳೆದರೆ ಹೋಗಿಬರುವ ದಾರಿಯಲ್ಲಿ 2 ವೋಲ್ಟ್ ಸೋರುತ್ತದೆ. ಉಳಿದದ್ದು 13.5, ಬ್ಯಾಟರಿ ತುಂಬಲು ಬೇಕಾದದ್ದು 14.4. ಎಲ್ಲ ಸಾಮಾನೂ ಸರಿಯಿದ್ದು, ದೀಪ ರಾತ್ರಿ ಒಂಬತ್ತಕ್ಕೇ ಆರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಅದೇ ದೂರಕ್ಕೆ 4 ಚದರ ಮಿ.ಮೀ. ಸೋಲಾರ್ ಡಿಸಿ ಕೇಬಲ್ ಹಾಕಿದರೆ ಸೋರುವುದು ಅರ್ಧ ವೋಲ್ಟ್ ಮಾತ್ರ. ಕಂಟ್ರೋಲರ್‌ನಿಂದ ಒಳಗಿನ ಮುಖ್ಯ ತಂತಿ 2.5, ಪ್ರತಿ ದೀಪಕ್ಕೆ 1 ಚದರ ಮಿ.ಮೀ., ಎಲ್ಲವೂ ತಾಮ್ರದ್ದೇ ಇರಲಿ.

ಇವುಗಳ ಜೊತೆಗೆ 10 ಆಂಪಿಯರಿನ ಬ್ಲೇಡ್ ಫ್ಯೂಸ್ ಹೋಲ್ಡರ್ ಸಮೇತ (ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಎರಡು ಫ್ಯೂಸ್ ಹೆಚ್ಚು ತನ್ನಿ), 12 ವೋಲ್ಟ್ ಡಿಸಿ ಎಲ್‌ಇಡಿ ಬಲ್ಬುಗಳು, ಮೊಬೈಲ್‌ಗೆ ಕಾರ್ ಚಾರ್ಜರ್ ಮತ್ತು ಅದರ ಸಾಕೆಟ್, ಒಂದು ಡಿಜಿಟಲ್ ಮಲ್ಟಿಮೀಟರ್. ಮೀಟರನ್ನು ನಾಲ್ಕು ಮನೆಯವರು ಸೇರಿ ಕೊಂಡರೂ ನಡೆಯುತ್ತದೆ.

ಜೋಡಿಸುವುದು

1. ಪ್ಯಾನೆಲ್ ಮುಖ ದಕ್ಷಿಣಕ್ಕೆ. ಕಂಪಾಸ್ ಇಲ್ಲದಿದ್ದರೆ ಚಳಿಗಾಲದಲ್ಲಿ ಮಧ್ಯಾಹ್ನ ಸುಮಾರು 12.20ಕ್ಕೆ ನೆಟ್ಟ ಕೋಲಿನ ನೆರಳು ನೋಡಿ. ನೆರಳು ಬೀಳುವುದು ಉತ್ತರಕ್ಕೆ, ಅದರ ಎದುರು ದಿಕ್ಕೇ ದಕ್ಷಿಣ. ಈ ಉಪಾಯ ಮೇಯಿಂದ ಆಗಸ್ಟ್‌ವರೆಗೆ ನಡೆಯುವುದಿಲ್ಲ, ಆಗ ಸೂರ್ಯ ಬೆಂಗಳೂರು, ಮೈಸೂರಿನವರ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಓರೆ 15 ಡಿಗ್ರಿ: ಒಂದು ಮೀಟರ್ ಉದ್ದದ ಪ್ಯಾನೆಲಿನ ಹಿಂಬದಿಯನ್ನು ಮುಂಬದಿಗಿಂತ 26 ಸೆಂ.ಮೀ. ಎತ್ತರಿಸಿದರೆ ಆಯಿತು. ಚಪ್ಪಟೆ ಮಲಗಿಸಿದರೆ ಮಳೆನೀರು ನಿಂತು ಕೆಳ ಅಂಚಿನಲ್ಲಿ ಕೆಸರು ಕಟ್ಟುತ್ತದೆ.

2. ನೆರಳು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಒಂದು ತೆಂಗಿನ ಗರಿಯ ನೆರಳೂ ಬೀಳಬಾರದು. ಸೆಲ್‌ಗಳು ಸರಪಳಿಯಂತೆ ಒಂದಕ್ಕೊಂದು ಕೂಡಿರುತ್ತವೆ. ಒಂದು ಸೆಲ್ ಮುಚ್ಚಿದರೆ ಅರ್ಧ ಪ್ಯಾನೆಲ್ಲೇ ನಿಂತಂತೆ. ಮಾಡಿನ ಮೇಲೆ ನೆರಳಿದ್ದರೆ ಅಂಗಳದಲ್ಲಿ ಕಂಬ ನೆಟ್ಟು ಏರಿಸಿ.

3. ಮಂಗಳೂರು ಹೆಂಚಿಗೆ ತೂತು ಕೊರೆಯಬೇಡಿ. ಹೆಂಚು ಸರಿಸಿ, ಕೆಳಗಿನ ಪಕಾಸಿಗೆ ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ, ಪಟ್ಟಿಯನ್ನು ಎರಡು ಹೆಂಚಿನ ಸಂದಿನಲ್ಲಿ ಹೊರತಂದು ಅದಕ್ಕೆ ಚೌಕಟ್ಟು ಕೂರಿಸಿ. ತಗಡಿಗಾದರೆ ಉಬ್ಬಿದ ಗೆರೆಯಲ್ಲೇ ತೂತು, ರಬ್ಬರ್ ವಾಷರ್ ಹಾಕಿ ಬಿಗಿಯಿರಿ. ತಗ್ಗಿನಲ್ಲಿ ಕೊರೆದರೆ ಮಳೆನೀರು ಒಳಗೆ ಇಳಿಯುತ್ತದೆ. ಪ್ಯಾನೆಲ್ ಮತ್ತು ಮಾಡಿನ ನಡುವೆ 10 ಸೆಂ.ಮೀ. ಸಂದಿ ಬಿಡಿ, ಗಾಳಿಯಾಡಿದಷ್ಟೂ ಅದು ತಂಪಾಗಿರುತ್ತದೆ.

4. ಬ್ಯಾಟರಿ, ಕಂಟ್ರೋಲರ್ ಎರಡೂ ಹತ್ತಿರ ಹತ್ತಿರ, ಒಲೆಯಿಂದ ದೂರ, ಮಕ್ಕಳ ಕೈಗೆ ಎಟುಕದಂತೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಕಂಟ್ರೋಲರ್ ಗೋಡೆಗೆ ನೆಟ್ಟಗೆ ಇರಲಿ, ಬೆಳಕಿಗೆ ಬರುವ ಹಲ್ಲಿ ಅದರ ಸಂದಿಗೆ ಸೇರದಂತೆ ನೋಡಿಕೊಳ್ಳಿ.

5. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೇ ಬರಬೇಕು. ದೂರದಲ್ಲಿ ಹಾಕಿದರೆ ನಡುವಿನ ತಂತಿ ಸವೆದು ತಗುಲಿದಾಗ ಅದನ್ನು ಕಾಯುವವರಿಲ್ಲ. 12 ವೋಲ್ಟ್ ಮೈಗೆ ಹೊಡೆಯುವುದಿಲ್ಲ, ಆದರೆ ತಂತಿಯನ್ನು ಕೆಂಪಗೆ ಕಾಯಿಸಿ ಹುಲ್ಲಿನ ಮಾಡಿಗೆ ಬೆಂಕಿ ಹಚ್ಚಬಲ್ಲದು.

6. ಜೋಡಿಸುವ ಕ್ರಮ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪಗಳು. ಬಿಚ್ಚುವಾಗ ತಿರುಗುಮುರುಗು. ಕಂಟ್ರೋಲರ್ ಬ್ಯಾಟರಿ ನೋಡಿಯೇ ಇದು 12 ವೋಲ್ಟ್ ಸೆಟ್ಟು ಎಂದು ತಿಳಿಯುವುದು. ಬ್ಯಾಟರಿಗಿಂತ ಮೊದಲು ಪ್ಯಾನೆಲ್ ಕೊಟ್ಟರೆ 21 ವೋಲ್ಟ್ ನೇರ ಬಂದು ಅದು ಕೆಡಬಹುದು. ಜೋಡಿಸುವ ಮುನ್ನ ಪ್ರತಿ ಜೋಡಿ ತಂತಿಯ ಪ್ಲಸ್ ಮೈನಸ್‌ನ್ನು ಮೀಟರ್ ಹಿಡಿದು ನೋಡಿ, ಆಮೇಲೆ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿ.

7. ಅಗ್ಗದ ಕಂಟ್ರೋಲರ್‌ಗಳು ನೆಗೆಟಿವ್ ಬದಿಯಲ್ಲಿ ಸ್ವಿಚ್ ಮಾಡುತ್ತವೆ. ದೀಪಗಳ ನೆಗೆಟಿವ್ ತಂತಿ ಕಂಟ್ರೋಲರ್‌ನ ಲೋಡ್ (ದೀಪ, ಫ್ಯಾನಿನ) ತುದಿಗೇ ಬರಬೇಕು. ತಂತಿ ಉಳಿಸಲು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿದರೆ ಬ್ಯಾಟರಿ ಇಳಿದಾಗ ದೀಪ ಆರಿಸುವ ರಕ್ಷಣೆಯೇ ತಪ್ಪಿಹೋಗುತ್ತದೆ.

ಬಲ್ಬಿನ ವಿಷಯದಲ್ಲಿ ಒಂದು ಎಚ್ಚರ. 12 ವೋಲ್ಟ್ ಬಲ್ಬಿಗೂ ಮನೆಯ ಸಾಮಾನ್ಯ ಬಲ್ಬಿನ ಹಾಗೆಯೇ ಎರಡು ಮೊಳೆಯ ಹಿತ್ತಾಳೆ ಕ್ಯಾಪ್ ಇರುತ್ತದೆ. ಲೈನೂ ಇರುವ ಮನೆಯಲ್ಲಿ ಯಾರೋ ಅದನ್ನು 230ರ ಹೋಲ್ಡರ್‌ಗೆ ಸಿಕ್ಕಿಸಿದರೆ ಢಬ್ ಎಂದು ಸಿಡಿಯುತ್ತದೆ. ತಂದ ದಿನವೇ 12 ವೋಲ್ಟ್ ಬಲ್ಬುಗಳ ಕುತ್ತಿಗೆಗೂ ಅವುಗಳ ಹೋಲ್ಡರ್‌ಗೂ ಉಗುರುಬಣ್ಣದಿಂದ ಕೆಂಪು ಪಟ್ಟಿ ಹಚ್ಚಿ. ಮನೆಯಲ್ಲಿ ಓದಲು ಬಾರದ ಅಜ್ಜಿಗೂ ಆ ಪಟ್ಟಿ ಅರ್ಥವಾಗುತ್ತದೆ. ಅದೇ ಕಾರಣಕ್ಕೆ ಫ್ಯಾನಿಗೆ ಗೋಡೆಯ ಮಾಮೂಲಿ ಪ್ಲಗ್ ಸಾಕೆಟ್ ಬಳಸಬೇಡಿ.

ಲಿಥಿಯಂ ಫೆರೋ ಫಾಸ್ಫೇಟ್ ಆದರೆ ಕಂಟ್ರೋಲರನ್ನು 14.4 ವೋಲ್ಟ್‌ಗೆ ಇಡಿ. ಸೀಸದ್ದಕ್ಕೂ 14.4, ತುಂಬಿದ ಮೇಲೆ 13.6ರಿಂದ 13.8.

ಕೆಟ್ಟರೆ ಎಲ್ಲಿ ನೋಡಬೇಕು

ದೀಪ ಬೇಗ ಆರುತ್ತಿದೆ ಎಂದರೆ ಎಲ್ಲರ ಬೆರಳೂ ಬ್ಯಾಟರಿಯ ಕಡೆಗೇ ತಿರುಗುತ್ತದೆ. ಬ್ಯಾಟರಿ ಬದಲಿಸುವ ಮುನ್ನ ಪ್ಯಾನೆಲ್ ಒರೆಸಿ. ಬಯಲುಸೀಮೆಯ ಕೆಂಧೂಳಿಗೆ ವಾರಕ್ಕೊಮ್ಮೆಯಾದರೂ ಒದ್ದೆ ಬಟ್ಟೆ ಬೇಕು, ಅದೂ ಬೆಳಿಗ್ಗೆ ಗಾಜು ಕಾಯುವ ಮುನ್ನ. ಆಮೇಲೆ ಮಧ್ಯಾಹ್ನ ಪ್ಯಾನೆಲ್ ತಂತಿ ಬಿಚ್ಚಿ ಮೀಟರ್ ಇಡಿ. 19ರಿಂದ 21 ವೋಲ್ಟ್ ಬಂದರೆ ಪ್ಯಾನೆಲ್ ಚೆನ್ನಾಗಿದೆ. ಮರಳಿ ಜೋಡಿಸಿ, ಕಂಟ್ರೋಲರ್‌ನ ಬ್ಯಾಟರಿ ತುದಿಯಲ್ಲೂ ಬ್ಯಾಟರಿಯ ಮೇಲೂ ಒಂದೇ ವೋಲ್ಟ್ ಇದೆಯೇ ನೋಡಿ. ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ ನಡುವಿನ ಸ್ಕ್ರೂ ಸಡಿಲ, ಇಲ್ಲವೇ ತುದಿ ಹಸಿರುಗಟ್ಟಿದೆ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ, ಬಿಗಿದು, ಮೇಲೆ ಚೂರು ವ್ಯಾಸಲೀನ್ ಸವರಿ.

ಸೀಸದ ಬ್ಯಾಟರಿಯನ್ನು ಎರಡು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.7 ಇದ್ದರೆ ತುಂಬಿದೆ, 12.2 ಅರ್ಧ, 11.8 ಎಂದರೆ ಅಪಾಯ. ಲಿಥಿಯಂ ಫೆರೋ ಫಾಸ್ಫೇಟ್‌ನಲ್ಲಿ ಈ ಅಳತೆ ನಂಬಬೇಡಿ, ಅದು ಮುಕ್ಕಾಲು ಖಾಲಿಯಾದರೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಸೀಸದ್ದಕ್ಕೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರಿನ ಸುಣ್ಣಾಂಶ ಪ್ಲೇಟುಗಳನ್ನು ಕೊಲ್ಲುತ್ತದೆ.

ಬ್ಯಾಟರಿ ಅಕಾಲದಲ್ಲಿ ಸಾಯಲು ಬಹುಪಾಲು ಕಾರಣ ಮಾತ್ರ ಇದ್ಯಾವುದೂ ಅಲ್ಲ. ರಾತ್ರಿ ಹತ್ತಕ್ಕೆ ಕಂಟ್ರೋಲರ್ ದೀಪ ಆರಿಸುತ್ತದೆ. ಮಗುವಿಗೆ ಪರೀಕ್ಷೆ, ಅಥವಾ ಮನೆಯಲ್ಲಿ ಹುಷಾರಿಲ್ಲದವರು. ಯಾರೋ ದೀಪದ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟುತ್ತಾರೆ, ದೀಪ ಹತ್ತುತ್ತದೆ, ಆ ತಂತಿ ಅಲ್ಲೇ ಉಳಿಯುತ್ತದೆ. ಹಾಗೆ ತಳ ಕೆರೆದು ಬಳಸಿದ ಸೀಸದ ಬ್ಯಾಟರಿ ಕೆಲವೇ ತಿಂಗಳು ಬಾಳುತ್ತದೆ. ಇದಕ್ಕೆ ಬೈದು ಪ್ರಯೋಜನವಿಲ್ಲ, ಬೆಳಕು ಬೇಕಾದ ಹೊತ್ತಿಗೆ ಬೇಕೇ ಬೇಕು. 3 ವಾಟಿನ ಒಂದು ಚಾರ್ಜಿಂಗ್ ಟಾರ್ಚನ್ನು ಹಗಲಲ್ಲೇ ತುಂಬಿಸಿ ಮೊಳೆಗೆ ನೇತುಹಾಕಿಡಿ, ಅಂಥ ರಾತ್ರಿಗೆ ಅದು.

ದುಡ್ಡು

ಒಟ್ಟಿಗೆ ಕೊಳ್ಳಲಾಗದಿದ್ದರೆ ಪೂರ್ತಿ ಪ್ಯಾನೆಲ್, ಕಂಟ್ರೋಲರ್, ತಂತಿಯನ್ನು ಮೊದಲೇ ಹಾಕಿಸಿ, ಬ್ಯಾಟರಿ ಸಣ್ಣದರಿಂದ ಶುರುಮಾಡಿ: 12 ಎಎಚ್ ಲಿಥಿಯಂ ಫೆರೋ ಫಾಸ್ಫೇಟ್‌ನಲ್ಲಿ ಫ್ಯಾನಿಲ್ಲದೆ ಒಂದು ರಾತ್ರಿ ನಡೆಯುತ್ತದೆ. ಆಮೇಲೆ ದೊಡ್ಡದನ್ನು ತಂದಾಗ ಹಳೆಯದನ್ನು ಅದರ ಜೊತೆ ಕೂಡಿಸದೆ ಬೇರೆ ಕೆಲಸಕ್ಕೆ ಇಡಿ. ಹಳೆಯ ಹೊಸ ಬ್ಯಾಟರಿ ಕೂಡಿಸಿದರೆ ಹಳೆಯದು ಹೊಸದನ್ನೂ ಎಳೆದುಹಾಕುತ್ತದೆ. ಸಾಲ ತೆಗೆಯುವುದಾದರೆ ಕಂತು ನಿಮ್ಮ ಗಳಿಕೆಯ ಗತಿಗೆ ಹೊಂದಬೇಕು, ಕೂಲಿಯವರಿಗೆ ವಾರದ ಕಂತು, ಅಡಕೆ ಅಥವಾ ಜೋಳ ಬೆಳೆಯುವವರಿಗೆ ಸುಗ್ಗಿಯ ಕಂತು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಬಡವರ ಮನೆಗಳಿಗೆ ಗ್ರಾಮೀಣ ಬ್ಯಾಂಕುಗಳ ಸಾಲದ ಮೂಲಕ ಸೋಲಾರ್ ದೀಪ ಮುಟ್ಟಿಸಿದ ದಾರಿ ಇದೇ. ನಿಮ್ಮ ಸ್ವಸಹಾಯ ಸಂಘದಲ್ಲಿ ಮೊದಲು ಕೇಳಿ. ಕೊಳ್ಳುವಾಗ ಬ್ಯಾಟರಿಯ ವಾರಂಟಿ ಕಾರ್ಡಿನಲ್ಲಿ ತಾರೀಖು, ಸೀಲು ಹಾಕಿಸಿಕೊಂಡು, ರೇಷನ್ ಕಾರ್ಡಿನ ಜೊತೆಗೇ ಎತ್ತಿಡಿ.

ಸತ್ತ ಸೀಸದ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಬೇಡಿ, ಆಸಿಡ್ ಚೆಲ್ಲಿ ಹಿತ್ತಲಲ್ಲಿ ಒಡೆಯಲೂಬೇಡಿ. ಸೀಸ ಮಣ್ಣಿಗಿಳಿದರೆ ಅಲ್ಲಿ ಆಡುವ ಮಕ್ಕಳ ಮೈ ಸೇರುತ್ತದೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಒಯ್ಯಿರಿ. ಹಳೆಯದನ್ನು ತೂಗಿ, ಅದರ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆಯುತ್ತಾರೆ.